ಕೂಲಿಯನ್ನು ಪೈಪೋಟಿಗೆ ಬಿಡಬೇಡಿ: ಟೆಂಡರ್ ಬರೆಯುವವರಿಗೊಂದು ಬಹಿರಂಗ ಪತ್ರ

ಇವರಿಗೆ,
ಸರ್ಕಾರಿ ಖರೀದಿಯ ನಿಯಮ ಮಾಡುವ, ಟೆಂಡರ್ ಕರೆಯುವ, ಬಿಲ್ ಪಾಸು ಮಾಡುವ ಎಲ್ಲ ಅಧಿಕಾರಿಗಳಿಗೆ

ವಿಷಯ: ಆಳು ಒದಗಿಸುವ ಗುತ್ತಿಗೆಗಳಲ್ಲಿ ಕೂಲಿಯನ್ನು ಪೈಪೋಟಿಯಿಂದ ಹೊರಗಿಡಬೇಕೆಂಬ ಮನವಿ

ಮಾನ್ಯರೇ,

ನಾನು ಹಲವು ವರ್ಷ ಗುತ್ತಿಗೆದಾರರ ಕಚೇರಿಗಳಲ್ಲಿ ಕೂತು ಟೆಂಡರ್ ಕಾಗದ ತಯಾರಿಸಿದವನು. ಕ್ಲೀನಿಂಗ್, ಕಾವಲು, ಆಸ್ಪತ್ರೆ ವಾರ್ಡಿನ ಕೆಲಸ, ಡೇಟಾ ಎಂಟ್ರಿ, ಇಂಥವಕ್ಕೆ ದರಪಟ್ಟಿ ಹಾಕುತ್ತಿದ್ದೆ. ಈಗ ಇನ್ನೊಂದು ಬದಿಯಲ್ಲಿದ್ದೇನೆ. ಅದೇ ಗುತ್ತಿಗೆಗಳಲ್ಲಿ ದುಡಿಯುವವರ ಪೇಸ್ಲಿಪ್ ಓದಿ, ಎಲ್ಲಿ ಎಷ್ಟು ಕಡಿತ ಆಗಿದೆ ಅಂತ ಲೆಕ್ಕ ಹಾಕಿ ಹೇಳುತ್ತೇನೆ. ಟೆಂಡರ್ ಗೆದ್ದ ದರ ಒಂದು ಕಡೆ, ಕೈಗೆ ಬಂದ ಸಂಬಳ ಇನ್ನೊಂದು ಕಡೆ. ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡುವವರು ಕಡಿಮೆ. ನಿಮ್ಮ ಕಡತದಲ್ಲಿ ಮೊದಲನೆಯದು ಮಾತ್ರ ಇರುತ್ತದೆ. ಅದಕ್ಕೇ ಈ ಪತ್ರ.

ಒಂದು ದರಪಟ್ಟಿ ಹೇಗೆ ಹುಟ್ಟುತ್ತದೆ ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ. ಎಕ್ಸೆಲ್ ಹಾಳೆಯ ಮೊದಲ ಸಾಲು ಕನಿಷ್ಠ ವೇತನ. ಅದರ ಕೆಳಗೆ ಭವಿಷ್ಯ ನಿಧಿ, ವಿಮೆ, ಬೋನಸ್, ರಜೆಯ ಸಂಬಳ. ಆಮೇಲೆ ಬದಲಿ ಆಳಿನ ಖರ್ಚು, ಅಂದರೆ ಒಬ್ಬರು ರಜೆ ಹಾಕಿದರೆ ಅವರ ಜಾಗಕ್ಕೆ ಬರುವವರ ಕೂಲಿ. ಆಮೇಲೆ ಸಮವಸ್ತ್ರ, ಕೈಗವಸು, ಬೂಟು, ಫಿನಾಯಿಲ್. ಆಮೇಲೆ ಸೂಪರ್‌ವೈಸರ್. ಕೊನೆಯ ಸಾಲು ಗುತ್ತಿಗೆದಾರರ ಲಾಭ. ಇಂಥ ಗುತ್ತಿಗೆಗಳಲ್ಲಿ ಒಟ್ಟು ಮೊತ್ತದ ಬಹುಪಾಲು ಹೋಗುವುದು ಮೇಲಿನ ಸಾಲುಗಳಿಗೆ. ರಸ್ತೆ ಕೆಲಸವಾದರೆ ಜಲ್ಲಿ, ಡಾಂಬರು, ಯಂತ್ರ ಅಂತ ನಾನಾ ಬಾಬತ್ತು ಇರುತ್ತವೆ. ಜಾಣತನದಿಂದ ಖರ್ಚು ಉಳಿಸಲು ಅಲ್ಲಿ ಜಾಗವಿದೆ. ಕ್ಲೀನಿಂಗ್ ಗುತ್ತಿಗೆಯಲ್ಲಿ ಜನ ಬಿಟ್ಟರೆ ಬೇರೇನೂ ಇಲ್ಲ.

ಬಿಡ್ ಸಲ್ಲಿಸುವ ಕೊನೆಯ ಸಂಜೆ ಮಾಲೀಕರು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂರುತ್ತಾರೆ. 'ಇನ್ನೂ ಸ್ವಲ್ಪ ಇಳಿಸಪ್ಪ' ಅನ್ನುತ್ತಾರೆ. ಎಲ್ಲಿ ಇಳಿಸುವುದು? ಕನಿಷ್ಠ ವೇತನದ ಸಾಲು ಮುಟ್ಟಿದರೆ ಬಿಡ್ ತಿರಸ್ಕಾರ. ಫಿನಾಯಿಲ್ ಬೆಲೆ ನಮ್ಮ ಮಾತು ಕೇಳುವುದಿಲ್ಲ. ಹಾಗಾಗಿ ಮೊದಲು ಹೋಗುವುದು ಬದಲಿ ಆಳಿನ ಸಾಲು. ಅದು ಹೋದರೆ ರಜೆಯೂ ಹೋದ ಹಾಗೇ, ಅಲ್ವಾ? ಬದಲಿಗೆ ಯಾರೂ ಇಲ್ಲದ ಮೇಲೆ ರಜೆ ಕೊಡುವವರು ಯಾರು? ಆಮೇಲೆ ಬೂಟಿನ ಸಾಲು, ಕೈಗವಸಿನ ಸಾಲು. ಕೊನೆಗೆ ಲಾಭದ ಸಾಲು. ಅದು ಇಳಿಯುತ್ತಾ ಇಳಿಯುತ್ತಾ ಸೊನ್ನೆಯ ಹತ್ತಿರ ಬಂದು ನಿಲ್ಲುತ್ತದೆ. ಕೆಲವು ಸಲ ಸೊನ್ನೆಯೇ. ಸೊನ್ನೆ ಲಾಭಕ್ಕೆ ಇಷ್ಟೊಂದು ಆಳು ಒದಗಿಸಲು ಬಂದ ಈ ಪುಣ್ಯಾತ್ಮ ಯಾರು ಅಂತ ಬಿಡ್ ತೆರೆದ ಅಧಿಕಾರಿಗಳು ಒಮ್ಮೆಯಾದರೂ ಕೇಳಿದ್ದನ್ನು ನಾನು ಕಂಡಿಲ್ಲ. 'ಎಲ್ ಒನ್', ಅಂದರೆ ಅತಿ ಕಡಿಮೆ ದರ ಹಾಕಿದವರು ಅಂತ ಷರಾ ಬರೆದು ಸಹಿ ಹಾಕುತ್ತಾರೆ. ಮುಗಿಯಿತು.

ಲಾಭವಿಲ್ಲದೆ ಯಾರೂ ವ್ಯಾಪಾರ ಮಾಡುವುದಿಲ್ಲ. ಹಾಳೆಯಲ್ಲಿ ಇಲ್ಲದ ಲಾಭ ಬೇರೆ ಕಡೆಯಿಂದ ಬರಲೇಬೇಕು. ಕೆಲಸಕ್ಕೆ ಸೇರುವಾಗ 'ಡಿಪಾಸಿಟ್' ಅಂತ ತೆಗೆದುಕೊಂಡು ವಾಪಸು ಕೊಡದಿರುವುದು ಒಂದು ದಾರಿ. ಇಪ್ಪತ್ತು ಜನರ ಹಾಜರಿ ಬರೆದು ಹದಿನೈದು ಜನರಿಂದ ಕೆಲಸ ಮಾಡಿಸುವುದು ಇನ್ನೊಂದು. ಸಂಬಳದಲ್ಲಿ ಭವಿಷ್ಯ ನಿಧಿ ಮುರಿದುಕೊಂಡು ಖಾತೆಗೆ ಕಟ್ಟದಿರುವುದು ಮತ್ತೊಂದು. ಸಮವಸ್ತ್ರಕ್ಕೆ ನಿಮ್ಮಿಂದಲೂ ಹಣ, ತೊಟ್ಟವರಿಂದಲೂ ಹಣ.

ಒಬ್ಬ ಮಹಿಳೆ ನನ್ನ ಹತ್ತಿರ ಪಾಸ್‌ಬುಕ್ ತಂದಿದ್ದರು. ಸರ್ಕಾರಿ ಕಟ್ಟಡವೊಂದರಲ್ಲಿ ನೆಲ ಒರೆಸುವ ಕೆಲಸ. ಪ್ರತಿ ತಿಂಗಳೂ ಪೂರ್ತಿ ಸಂಬಳ ಖಾತೆಗೆ ಜಮೆಯಾಗಿತ್ತು. ಟೆಂಡರ್‌ನಲ್ಲಿ ಹೇಳಿದಷ್ಟೇ ಮೊತ್ತ, ಒಂದು ಪೈಸೆ ಹೆಚ್ಚಿಲ್ಲ, ಕಡಿಮೆಯಿಲ್ಲ. ಅದರ ಕೆಳಗಿನ ಸಾಲಿನಲ್ಲಿ ಎಟಿಎಂನಿಂದ ಒಂದು ಮೊತ್ತ ಹೊರಗೆ. ಅದೂ ಪ್ರತಿ ತಿಂಗಳೂ ಒಂದೇ ಮೊತ್ತ. 'ಇದೇನಮ್ಮಾ, ನೀವೇ ತೆಗೆದಿದ್ದಾ?' ಅಂತ ಕೇಳಿದೆ. 'ಕಾರ್ಡು ನನ್ನ ಹತ್ರ ಎಲ್ಲಿದೆ ಸಾರ್? ಸೂಪರ್‌ವೈಸರ್ ಹತ್ರ ಇದೆ. ಎಲ್ಲರದ್ದೂ ಅವರ ಹತ್ರಾನೇ. ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿಟ್ಕೊಂಡಿರ್ತಾರೆ' ಅಂದರು. ಬೇಜಾರು, ಸಿಟ್ಟು ಏನೂ ಆ ಮಾತಿನಲ್ಲಿ ಇರಲಿಲ್ಲ. ಕೆಲಸ ಅಂದರೆ ಹೀಗೇ ಇರುತ್ತದೆ ಅನ್ನುವ ಹಾಗೆ ಹೇಳಿದರು.

ಈ ಗುತ್ತಿಗೆಯ ಕಡತ ನಿಮ್ಮ ಮೇಜಿನ ಮೇಲೆ ಬಂದರೆ ಅದರಲ್ಲಿ ತಪ್ಪು ಹುಡುಕಲು ಆಗುವುದಿಲ್ಲ. ಬ್ಯಾಂಕ್ ಜಮಾ ಪಟ್ಟಿ ಸರಿ ಇದೆ. ಹಾಜರಿ ಪುಸ್ತಕ ಸರಿ ಇದೆ. ಕಡಿಮೆ ದರಕ್ಕೆ ಕೆಲಸ ಆಗಿದ್ದರಿಂದ ಆಡಿಟ್‌ನವರೂ ಖುಷಿ. ಬಜೆಟ್ ಕೊಟ್ಟಿತು, ಕಾನೂನು ಹೇಳಿತು, ಬ್ಯಾಂಕಿಗೂ ಬಂತು, ಕೈಗೆ ಮಾತ್ರ ಬರಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವುದು ಇದಕ್ಕೇ.

ಇದನ್ನು ಕೆಟ್ಟ ಗುತ್ತಿಗೆದಾರರ ಕಥೆ ಅಂತ ಓದಿಕೊಳ್ಳಬೇಡಿ. ಒಳ್ಳೆಯವರನ್ನೂ ಹತ್ತಿರದಿಂದ ನೋಡಿದ್ದೇನೆ. ಬದಲಿ ಆಳಿನ ಖರ್ಚನ್ನು ಪ್ರಾಮಾಣಿಕವಾಗಿ ಹಾಳೆಯಲ್ಲಿ ಹಾಕಿದವರು ಅವರು. ಅವರು ಟೆಂಡರ್ ಸೋತರು. ಎರಡು ಮೂರು ಸಲ ಸೋತ ಮೇಲೆ ಕೆಲವರು ಈ ವ್ಯವಹಾರವೇ ಬೇಡ ಅಂತ ಬಿಟ್ಟರು, ಕೆಲವರು ಉಳಿದವರ ದಾರಿ ಹಿಡಿದರು. ಅತಿ ಕಡಿಮೆ ದರದವರಿಗೇ ಕೆಲಸ ಅನ್ನುವ ನಿಯಮ ಪ್ರಾಮಾಣಿಕರನ್ನು ಒಬ್ಬೊಬ್ಬರನ್ನಾಗಿ ಹೊರಗೆ ಹಾಕುತ್ತದೆ. ಆ ನಿಯಮ ಗುತ್ತಿಗೆದಾರರದ್ದಲ್ಲ, ನಿಮ್ಮದು. ನನ್ನ ದೂರು ಇರುವುದು ಅಲ್ಲಿ.

ನಿಮ್ಮ ಕೈಯಲ್ಲಿರುವುದು ಸಣ್ಣ ಅಧಿಕಾರವೂ ಅಲ್ಲ. ಯುರೋಪಿಯನ್ ಒಕ್ಕೂಟದಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಸರ್ಕಾರಿ ಸಂಸ್ಥೆಗಳು ಖರೀದಿಗೆ ಖರ್ಚು ಮಾಡುವ ಹಣ ಅಲ್ಲಿನ ಜಿಡಿಪಿಯ ಸುಮಾರು ಶೇ 14ರಷ್ಟು. ಇಷ್ಟು ದೊಡ್ಡ ಗಿರಾಕಿ ಬೇರೆ ಯಾರಿದ್ದಾರೆ? ಗಿರಾಕಿ ಯಾವುದನ್ನು ಕೇಳುತ್ತಾನೋ ಮಾರುಕಟ್ಟೆ ಅದನ್ನೇ ಕೊಡುತ್ತದೆ. ನೀವು ಕಡಿಮೆ ದರ ಕೇಳಿದಿರಿ, ಕಡಿಮೆ ದರ ಬಂತು. ಒಂದು ಕಡೆ ಬಡತನ ಕಡಿಮೆ ಮಾಡಲು ಯೋಜನೆ, ಸಬ್ಸಿಡಿ, ಪಿಂಚಣಿ. ಇನ್ನೊಂದು ಕಡೆ ಅದೇ ಸರ್ಕಾರದ ಟೆಂಡರ್‌ನಿಂದ ಹೊಸ ಬಡವರು. ಬಲಗೈ ಕೊಟ್ಟದ್ದನ್ನು ಎಡಗೈ ಕಿತ್ತುಕೊಂಡರೆ ಲೆಕ್ಕ ಹೇಗೆ ಸರಿಹೋಗುತ್ತದೆ?

ಇದು ಈಗ ಹುಟ್ಟಿದ ಸಮಸ್ಯೆ ಅಂದುಕೊಂಡಿದ್ದರೆ 1891ಕ್ಕೆ ಹೋಗಿ ನೋಡಿ. ಬಾಡಿಗೆ ಕೋಣೆಗಳಲ್ಲಿ ಹಗಲು ರಾತ್ರಿ ಹೊಲಿಗೆ ಹಾಕಿಸಿ ಪುಡಿಗಾಸು ಕೊಡುವ ಪದ್ಧತಿಯ ಬಗ್ಗೆ ಬ್ರಿಟನ್ನಿನ ಮೇಲ್ಮನೆಯ ಸಮಿತಿಯೊಂದು ವಿಚಾರಣೆ ನಡೆಸಿತ್ತು. ಅದಾದ ಮೇಲೆ, ಆ ವರ್ಷದ ಫೆಬ್ರುವರಿಯಲ್ಲಿ, ಕೆಳಮನೆ ಒಂದು ನಿರ್ಣಯ ಮಾಡಿತು. ಸರ್ಕಾರದ ಗುತ್ತಿಗೆ ಹಿಡಿದವರು ಆ ಕಸುಬಿನಲ್ಲಿ ನಡೆಯುತ್ತಿರುವ ಕೂಲಿಯನ್ನು ಕೊಡಬೇಕು, ಕೆಲಸವನ್ನು ಕೈಯಿಂದ ಕೈಗೆ ಒಳಗುತ್ತಿಗೆ ಕೊಟ್ಟು ದುರುಪಯೋಗ ಮಾಡುವುದು ನಿಲ್ಲಬೇಕು. ಇಷ್ಟೇ ಅದರ ಸಾರ. 130 ವರ್ಷಕ್ಕೂ ಹಿಂದಿನ ಆ ನಿರ್ಣಯದಲ್ಲಿ ನಾನು ಈ ಪತ್ರದಲ್ಲಿ ಕೇಳುತ್ತಿರುವುದರ ಅರ್ಧ ಇದೆ.

ಅಮೆರಿಕ 1931ರಲ್ಲಿ ಡೇವಿಸ್-ಬೇಕನ್ ಕಾಯ್ದೆ ತಂದಿತು. ಕೇಂದ್ರ ಸರ್ಕಾರದ ಕಟ್ಟಡ ಕೆಲಸಗಳಲ್ಲಿ ಆಯಾ ಪ್ರದೇಶದಲ್ಲಿ ನಡೆಯುತ್ತಿರುವ ಕೂಲಿ ಕೊಡಬೇಕು ಅಂತ. ಕೂಲಿ ಕೊಟ್ಟಂತೆ ಮಾಡಿ ಅದರಲ್ಲಿ ಪಾಲು ವಾಪಸು ಕೇಳುವ ಚಟ ಆಗಲೂ ಇತ್ತು ಅಂತ ಕಾಣುತ್ತದೆ. ಯಾಕೆಂದರೆ 1934ರಲ್ಲಿ ಅದನ್ನೇ ಅಪರಾಧ ಮಾಡಿ ಕೋಪ್‌ಲ್ಯಾಂಡ್ ಕಾಯ್ದೆ ಬಂತು. ಗುತ್ತಿಗೆದಾರರು ವಾರಕ್ಕೊಮ್ಮೆ ಕೂಲಿ ಪಟ್ಟಿ ಸಲ್ಲಿಸಬೇಕಾಯಿತು. ಆ ಪಾಸ್‌ಬುಕ್ ನೋಡಿದ ದಿನದಿಂದ ಈ ಕಾಯ್ದೆ ನನ್ನ ತಲೆಯಲ್ಲಿ ಕೂತಿದೆ.

1949ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಇದನ್ನು ಜಗತ್ತಿಗೇ ಒಂದು ಒಪ್ಪಂದವಾಗಿ ಬರೆಯಿತು. ಅದು 94ನೇ ಒಪ್ಪಂದ. 60ಕ್ಕೂ ಹೆಚ್ಚು ದೇಶಗಳು ಒಪ್ಪಿ ಸಹಿ ಹಾಕಿವೆ. ಎಷ್ಟೋ ದೊಡ್ಡ ದೇಶಗಳು ಹಾಕಿಲ್ಲ, ಭಾರತವೂ ಹಾಕಿಲ್ಲ. ಹಾಕಿದ ಬ್ರಿಟನ್ 1982ರಲ್ಲಿ ಹೊರಗೆ ಬಂತು, ಮರುವರ್ಷ ತನ್ನದೇ ನ್ಯಾಯದ ಕೂಲಿಯ ನಿರ್ಣಯವನ್ನೂ ಕೈಬಿಟ್ಟಿತು. ಒಪ್ಪಂದದ ಪಠ್ಯ ಮಾತ್ರ ಇನ್ನೂ ಹಾಗೇ ಇದೆ. ಅದರಲ್ಲಿ ಎರಡು ಮಾತು ನಿಮ್ಮ ಗಮನಕ್ಕೆ. ಒಂದು, ಕೂಲಿ ಸಿಗದ ಕಡೆ ಗುತ್ತಿಗೆದಾರರ ಬಿಲ್ಲಿನಲ್ಲೇ ಹಣ ತಡೆಹಿಡಿದು ದುಡಿದವರಿಗೆ ಸಿಗುವಂತೆ ಮಾಡಬೇಕು. ಇನ್ನೊಂದನ್ನು ಕೊನೆಗೆ ಹೇಳುತ್ತೇನೆ.

ಇಲ್ಲಿ ನನ್ನ ಮೊದಲ ಮನವಿ. ಆಳು ಒದಗಿಸುವ ಟೆಂಡರ್‌ಗಳಲ್ಲಿ ಕೂಲಿ, ಶಾಸನಬದ್ಧ ಕಡಿತಗಳು, ರಜೆ, ಬದಲಿ ಆಳು, ಸುರಕ್ಷತಾ ಸಾಮಗ್ರಿ, ಇಷ್ಟನ್ನೂ ನೀವೇ ಲೆಕ್ಕ ಹಾಕಿ ಟೆಂಡರ್‌ನಲ್ಲೇ ಬರೆಯಿರಿ. ಬಿಡ್ ಹಾಕುವವರು ಅದನ್ನು ಮುಟ್ಟುವ ಹಾಗಿರಬಾರದು. ಉಳಿದದ್ದರಲ್ಲಿ ಪೈಪೋಟಿ ಮಾಡಲಿ. ಯಾರ ಮೇಲ್ವಿಚಾರಣೆ ಚೆನ್ನಾಗಿದೆ, ಯಾರ ಯಂತ್ರ ಚೆನ್ನಾಗಿದೆ, ಯಾರ ಕೆಲಸಗಾರರು ವರ್ಷಗಟ್ಟಲೆ ಬಿಟ್ಟು ಹೋಗದೆ ಉಳಿದಿದ್ದಾರೆ, ಅದನ್ನು ನೋಡಿ. ಜೊತೆಗೆ ಲಾಭದ ಸಾಲಿಗೂ ಒಂದು ಕೆಳಮಿತಿ ಇಡಿ. ಕೂಲಿಗೆ ಮಾತ್ರ ಬೇಲಿ ಹಾಕಿ ಲಾಭವನ್ನು ಸೊನ್ನೆಗೆ ಇಳಿಯಲು ಬಿಟ್ಟರೆ ಏನಾಗುತ್ತದೆ ಅನ್ನುವುದನ್ನು ಆಗಲೇ ಹೇಳಿದ್ದೇನೆ, ಬೇಲಿಯ ಕೆಳಗಿಂದ ಕೈ ಹಾಕುತ್ತಾರೆ.

'ಕಾನೂನು ಬಿಡುವುದಿಲ್ಲ' ಅನ್ನುವ ಮಾತು ನಿಮ್ಮ ಕಚೇರಿಗಳಲ್ಲಿ ತುಂಬ ಕೇಳಿದ್ದೇನೆ. ಸುಮ್ನೆ ಹೇಳುವ ನೆಪ ಅಂತ ತಳ್ಳಿಹಾಕುವುದಿಲ್ಲ, ನಿಜವಾಗಿಯೂ ಅಡ್ಡ ಬಂದದ್ದಿದೆ. ಜರ್ಮನಿಯ ಲೋವರ್ ಸ್ಯಾಕ್ಸನಿ ರಾಜ್ಯದಲ್ಲಿ ಜೈಲು ಕಟ್ಟುವ ಗುತ್ತಿಗೆಯೊಂದರಲ್ಲಿ ಒಳಗುತ್ತಿಗೆ ಹಿಡಿದ ಪೋಲೆಂಡಿನ ಕಂಪನಿ ತನ್ನ ಕೆಲಸಗಾರರಿಗೆ ಸಿಗಬೇಕಾದ ಕನಿಷ್ಠ ಕೂಲಿಯ ಶೇ 46.57 ಮಾತ್ರ ಕೊಟ್ಟಿದೆ ಅನ್ನುವ ಆರೋಪ ಬಂತು. ಕಾರ್ಮಿಕ ಸಂಘಗಳೂ ಮಾಲೀಕರೂ ಮಾಡಿಕೊಂಡ ಒಪ್ಪಂದದ ಕೂಲಿ ಕೊಡಲೇಬೇಕು ಅನ್ನುವ ಕಾನೂನು ಆ ರಾಜ್ಯದಲ್ಲಿತ್ತು. 2008ರ ರೂಫರ್ಟ್ ತೀರ್ಪಿನಲ್ಲಿ ಯುರೋಪಿನ ನ್ಯಾಯಾಲಯ ಆ ಕಾನೂನೇ ಒಕ್ಕೂಟದ ನಿಯಮಕ್ಕೆ ಹೊಂದುವುದಿಲ್ಲ ಅಂದಿತು. ಎಷ್ಟೋ ಅಧಿಕಾರಿಗಳು ಆ ತೀರ್ಪಿನ ನೆರಳಲ್ಲಿ ಕೈಕಟ್ಟಿ ಕೂತರು. ಆದರೆ 2015ರಲ್ಲಿ ಅದೇ ನ್ಯಾಯಾಲಯದ ಮುಂದೆ ಇನ್ನೊಂದು ಪ್ರಕರಣ ಬಂತು. ಜರ್ಮನಿಯದೇ ಲಾಂಡೌ ಅನ್ನುವ ಊರಿನ ಅಂಚೆ ವಿಲೇವಾರಿ ಟೆಂಡರ್. ಸರ್ಕಾರಿ ಗುತ್ತಿಗೆಗೆ ಇಷ್ಟು ಕನಿಷ್ಠ ಕೂಲಿ ಅಂತ ಅಲ್ಲಿನ ರಾಜ್ಯದ ಕಾನೂನಿನಲ್ಲೇ ಬರೆದಿತ್ತು. ಅದನ್ನು ಕೊಡುವುದಾಗಿ ಬರೆದುಕೊಡಲು ಒಪ್ಪದ ಕಂಪನಿಯನ್ನು ಹೊರಗಿಟ್ಟದ್ದು ಸರಿ ಅಂತ ನ್ಯಾಯಾಲಯ ಹೇಳಿತು. ಅಂದರೆ ದಾರಿ ಮುಚ್ಚಿರಲಿಲ್ಲ, ಸರಿಯಾಗಿ ಬರೆಯಬೇಕಿತ್ತು ಅಷ್ಟೇ. 2014ರ ಯುರೋಪಿನ ಖರೀದಿ ನಿರ್ದೇಶನವಂತೂ ಇನ್ನೊಂದು ಹೆಜ್ಜೆ ಮುಂದೆ ಹೋಗಿದೆ. ದರ ಅಸಹಜವಾಗಿ ಕಡಿಮೆ ಇದ್ದರೆ ವಿವರಣೆ ಕೇಳಬೇಕು. ಕಾರ್ಮಿಕ ಕಾನೂನು ಮುರಿದಿದ್ದರಿಂದಲೇ ದರ ಇಳಿದಿದೆ ಅಂತ ಗೊತ್ತಾದರೆ ಬಿಡ್ ತಿರಸ್ಕರಿಸಲೇಬೇಕು, 'ತಿರಸ್ಕರಿಸಬಹುದು' ಅಂತಲ್ಲ.

ಸ್ಕಾಟ್ಲೆಂಡಿನ 2014ರ ಖರೀದಿ ಸುಧಾರಣಾ ಕಾಯ್ದೆ ಓದಿದಾಗ ನನಗೆ ಹೊಟ್ಟೆಕಿಚ್ಚಾಯಿತು. ಖರೀದಿ ಮಾಡುವ ಪ್ರತಿ ಸಂಸ್ಥೆಯೂ ತನ್ನ ಪ್ರದೇಶದ ಒಳಿತನ್ನು ಹೇಗೆ ಹೆಚ್ಚಿಸಬಹುದು ಅಂತ ಯೋಚಿಸಬೇಕು, ಆ ಒಳಿತಿನಲ್ಲಿ ಅಸಮಾನತೆ ತಗ್ಗಿಸುವುದೂ ಸೇರಿದೆ ಅಂತ ಕಾಯ್ದೆಯಲ್ಲೇ ಬರೆದಿದ್ದಾರೆ. ಖರೀದಿ ಕಾನೂನಿನಲ್ಲಿ ಅಸಮಾನತೆ ಅನ್ನುವ ಪದ! ನಾನು ನೋಡಿದ ಟೆಂಡರ್ ಕಾಗದಗಳಲ್ಲಿ ಆ ಪದ ಒಂದು ಸಲವೂ ಬಂದದ್ದಿಲ್ಲ.

ಆದರೆ ಒಳ್ಳೆಯ ಪದ ಬರೆದ ಮಾತ್ರಕ್ಕೆ ಕೆಲಸ ಆಗುವುದಿಲ್ಲ. ಬ್ರಿಟನ್ನಿನ ಕೇಂದ್ರ ಸರ್ಕಾರ 2021ರಿಂದ ದೊಡ್ಡ ಗುತ್ತಿಗೆಗಳಲ್ಲಿ ಕನಿಷ್ಠ ಶೇ 10 ಅಂಕವನ್ನು 'ಸಾಮಾಜಿಕ ಮೌಲ್ಯ'ಕ್ಕೆ ಇಟ್ಟಿತು. ಉದ್ದೇಶ ಒಳ್ಳೆಯದೇ. ಆದರೆ ಬಿಡ್ ಬರೆಯುವವರ ಮನಸ್ಸು ನನಗೆ ಗೊತ್ತು. ಅಂಕ ಇರುವ ಕಡೆ ಪ್ರಬಂಧ ಬರುತ್ತದೆ. ಚೆಂದದ ಫೋಟೊ, ತರಬೇತಿಯ ಭರವಸೆ, ಗಿಡ ನೆಡುವ ಕಾರ್ಯಕ್ರಮ. ದೊಡ್ಡ ಕಂಪನಿಗಳ ಹತ್ತಿರ ಇದನ್ನು ಬರೆಯಲೆಂದೇ ಜನ ಇರುತ್ತಾರೆ, ಸಣ್ಣವರ ಹತ್ತಿರ ಇರುವುದಿಲ್ಲ. ಹಾಗಾಗಿ ಅಸಮಾನತೆ ತಗ್ಗಿಸಲು ಇಟ್ಟ ಅಂಕ ದೊಡ್ಡವರಿಗೇ ಸಿಗುವ ಅಪಾಯ ಇದೆ. ದಯವಿಟ್ಟು ಕೂಲಿಗೆ ಅಂಕ ಇಡಬೇಡಿ, ಅದನ್ನು ಷರತ್ತು ಮಾಡಿ. ಕೊಟ್ಟರೆ ಗುತ್ತಿಗೆ ಉಂಟು, ಕೊಡದಿದ್ದರೆ ಇಲ್ಲ. ಪ್ರಬಂಧ ಬೇಡ.

ಎರಡನೇ ಮನವಿ ನಿಮಗೆ ಸ್ವಲ್ಪ ಕಹಿ ಅನ್ನಿಸಬಹುದು. ಬಿಲ್ ಸಮಯಕ್ಕೆ ಪಾಸು ಮಾಡಿ. ಗುತ್ತಿಗೆದಾರರ ಬಿಲ್ ತಿಂಗಳುಗಟ್ಟಲೆ ನಿಮ್ಮ ಟಪಾಲಿನಲ್ಲಿ ಕೂತಿದ್ದನ್ನು ಕಂಡವನು ನಾನು. ಒಂದು ಸಹಿ ಇಲ್ಲ, ಒಂದು ಅನುದಾನ ಬಂದಿಲ್ಲ, ಒಬ್ಬರು ರಜೆಯಲ್ಲಿದ್ದಾರೆ. ಗುತ್ತಿಗೆದಾರರು ಆ ಕಾಗದವನ್ನೇ ಕೆಲಸಗಾರರಿಗೆ ತೋರಿಸಿ 'ಮೇಲಿಂದ ದುಡ್ಡು ಬಂದಿಲ್ಲಮ್ಮ' ಅನ್ನುತ್ತಾರೆ. ಅದು ಸುಳ್ಳೂ ಅಲ್ಲ. ಆದರೆ ತಡವಾದ ಸಂಬಳ ಅಂದರೆ ಬಡ್ಡಿ ಸಾಲ. ಆ ಬಡ್ಡಿ ಕಟ್ಟುವವರು ನಿಮ್ಮ ನೆಲ ಒರೆಸುವವರು. ಇನ್ನೂ ಒಂದು ಪರಿಣಾಮ ಇದೆ. ತಿಂಗಳುಗಟ್ಟಲೆ ಕೈಯಿಂದ ಹಾಕಿ ನಡೆಸಬಲ್ಲವರು ದೊಡ್ಡವರು ಮಾತ್ರ, ಹಾಗಾಗಿ ಸಣ್ಣ ಸಂಸ್ಥೆಗಳು ತಾವಾಗಿಯೇ ಹೊರಗೆ ಉಳಿಯುತ್ತವೆ. ಯುರೋಪಿನ 2011ರ ನಿರ್ದೇಶನದ ಪ್ರಕಾರ ಸರ್ಕಾರಿ ಸಂಸ್ಥೆಗಳು ಸಾಮಾನ್ಯವಾಗಿ 30 ದಿನದೊಳಗೆ ಹಣ ಕೊಡಬೇಕು, ತಡವಾದರೆ ಬಡ್ಡಿ ಸೇರಿಸಬೇಕು.

ಕೊಟ್ಟ ಹಣ ಕೆಳಗಿನವರೆಗೆ ಇಳಿಯಿತೇ ಅನ್ನುವುದನ್ನೂ ನೋಡಬೇಕು. ಬ್ರಿಟನ್ನಿನ ಕ್ಯಾರಿಲಿಯನ್ ಕಂಪನಿ ಆಸ್ಪತ್ರೆ, ಶಾಲೆ, ಜೈಲು ಅಂತ ಸುಮಾರು 450 ಸರ್ಕಾರಿ ಗುತ್ತಿಗೆ ಹಿಡಿದಿತ್ತು. 2018ರ ಜನವರಿಯಲ್ಲಿ ಮುಳುಗಿತು. ಆಗ ಅದರಲ್ಲಿ ಜಗತ್ತಿನಾದ್ಯಂತ ಸುಮಾರು 43,000 ನೌಕರರಿದ್ದರು, ಸರಬರಾಜು ಮಾಡುವ ಸಂಸ್ಥೆಗಳು ಸುಮಾರು 30,000. ತನಗೆ ಕೆಲಸ ಮಾಡಿಕೊಟ್ಟ ಸಣ್ಣವರಿಗೆ ಹಣ ಕೊಡಲು ಅದು 120 ದಿನದ ಷರತ್ತು ಇಟ್ಟುಕೊಂಡಿತ್ತು. ಅರ್ಧ ಕಟ್ಟಿದ ದೊಡ್ಡ ಆಸ್ಪತ್ರೆಗಳು ವರ್ಷಗಟ್ಟಲೆ ಹಾಗೇ ನಿಂತವು. ಕಡಿಮೆ ದರಕ್ಕೆ ಸಿಕ್ಕ ಗುತ್ತಿಗೆಯ ಬೆಲೆ ಕೊನೆಗೆ ಎಷ್ಟಾಯಿತು ಅಂತ ಆ ಸರ್ಕಾರವನ್ನೇ ಕೇಳಬೇಕು.

ಒಳಗುತ್ತಿಗೆಯ ಮೆಟ್ಟಿಲು ಜಾಸ್ತಿಯಾದಷ್ಟೂ ಪ್ರತಿ ಮೆಟ್ಟಿಲಿನಲ್ಲೂ ಒಬ್ಬರ ಪಾಲು ಹೋಗುತ್ತದೆ. ಕೊನೆಗೆ ಕೆಲಸ ಮಾಡುವವರಿಗೆ ತಮ್ಮ ಮಾಲೀಕ ಯಾರು ಅನ್ನುವುದೇ ಗೊತ್ತಿರುವುದಿಲ್ಲ. ನಾರ್ವೆಯ ಓಸ್ಲೋ ನಗರ 2017ರಲ್ಲಿ ಕಟ್ಟಡ ಕೆಲಸ, ಕ್ಲೀನಿಂಗ್ ಮುಂತಾದವುಗಳಲ್ಲಿ ಈ ಮೆಟ್ಟಿಲುಗಳಿಗೇ ಮಿತಿ ಹಾಕಿತು. ಭಾರತದ 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯಂತೂ ಗುತ್ತಿಗೆದಾರ ಕೂಲಿ ಕೊಡದಿದ್ದರೆ ಕೆಲಸ ಮಾಡಿಸಿಕೊಂಡ ಮೂಲ ಮಾಲೀಕರೇ ಕೊಡಬೇಕು, ಆಮೇಲೆ ಗುತ್ತಿಗೆದಾರರಿಂದ ವಸೂಲಿ ಮಾಡಿಕೊಳ್ಳಬೇಕು ಅಂತ ನೇರವಾಗಿ ಹೇಳಿತ್ತು. ಸರ್ಕಾರಿ ಕಚೇರಿಯ ನೆಲ ಒರೆಸಿದರೆ ಮೂಲ ಮಾಲೀಕ ಆ ಕಚೇರಿಯೇ. 'ಅದು ಏಜೆನ್ಸಿಯವರ ವಿಷಯ' ಅಂತ ಕೈ ತೊಳೆದುಕೊಳ್ಳಲು ಆ ಕಾಯ್ದೆ ಬಿಟ್ಟಿರಲಿಲ್ಲ. ಬಳಸಿದವರು ಎಷ್ಟು ಜನ?

ಇನ್ನು ಬಿಡ್ ಹಾಕುವ ಅರ್ಹತೆಯ ವಿಷಯ. ಕಳೆದ ಮೂರು ವರ್ಷದ ವಹಿವಾಟು ಇಷ್ಟು, ಇದೇ ಬಗೆಯ ಕೆಲಸ ಇಷ್ಟು ಮೊತ್ತಕ್ಕೆ ಮಾಡಿದ ಅನುಭವ, ಮುಂಗಡ ಠೇವಣಿ ಇಷ್ಟು. ಕೆಲಸಗಾರರೇ ಸೇರಿ ಒಂದು ಸಹಕಾರ ಸಂಘ ಕಟ್ಟಿಕೊಂಡರೆ ಈ ಬಾಗಿಲಿನಲ್ಲೇ ನಿಲ್ಲಬೇಕು. ಹತ್ತು ವರ್ಷ ಅದೇ ಕಟ್ಟಡ ಸ್ವಚ್ಛ ಮಾಡಿದವರು ಅವರೇ, ಆದರೆ ಅನುಭವದ ಪ್ರಮಾಣಪತ್ರ ಇರುವುದು ಏಜೆನ್ಸಿಯ ಹೆಸರಿನಲ್ಲಿ. ಯುರೋಪಿನ 2014ರ ನಿರ್ದೇಶನದಲ್ಲಿ ಇದಕ್ಕೂ ಕಡಿವಾಣ ಇದೆ. ವಿಶೇಷ ಕಾರಣ ಇಲ್ಲದಿದ್ದರೆ ಗುತ್ತಿಗೆ ಮೊತ್ತದ ಎರಡು ಪಟ್ಟಿಗಿಂತ ಹೆಚ್ಚು ವಹಿವಾಟು ಕೇಳುವಂತಿಲ್ಲ. ದೊಡ್ಡ ಗುತ್ತಿಗೆಯನ್ನು ತುಂಡು ಮಾಡಿ ಕೊಡದಿದ್ದರೆ ಯಾಕೆ ಕೊಡಲಿಲ್ಲ ಅಂತ ಕಾರಣ ಬರೆದಿಡಬೇಕು.

ಮೀಸಲು ಇಟ್ಟ ದೇಶಗಳೂ ಇವೆ. ಕೀನ್ಯಾ 2013ರಿಂದ ಸರ್ಕಾರಿ ಖರೀದಿಯ ಶೇ 30ನ್ನು ಯುವಜನರು, ಮಹಿಳೆಯರು, ಅಂಗವಿಕಲರ ಉದ್ಯಮಗಳಿಗೆ ಇಟ್ಟಿದೆ. ವರ್ಣಭೇದದ ಕಾಲದಲ್ಲಿ ತುಳಿತಕ್ಕೆ ಸಿಕ್ಕವರಿಗೆ ಖರೀದಿಯಲ್ಲಿ ಆದ್ಯತೆ ಕೊಡಬಹುದು ಅಂತ ದಕ್ಷಿಣ ಆಫ್ರಿಕಾದ ಸಂವಿಧಾನವೇ ಹೇಳುತ್ತದೆ. ಅಲ್ಲೂ ಬೇನಾಮಿ ಶುರುವಾಯಿತು. ಹೆಸರು ಒಬ್ಬರದ್ದು, ಹಣ ಇನ್ನೊಬ್ಬರದ್ದು. ಅದನ್ನು ಅಪರಾಧ ಅಂತ ಮಾಡಬೇಕಾಯಿತು. ಮೀಸಲು ಬೇಕು ಅನ್ನುವವನೇ ನಾನು. ಆದರೆ ಮಾಲೀಕರ ಜಾಗದಲ್ಲಿ ಮಾತ್ರ ಸಮಾನತೆ ತಂದು ದುಡಿಯುವವರ ಜಾಗವನ್ನು ಹಾಗೇ ಬಿಟ್ಟರೆ ಅರ್ಧ ಕೆಲಸ. ಇದರ ಇನ್ನೊಂದು ಮಗ್ಗುಲೂ ಇದೆ. ಡೇವಿಸ್-ಬೇಕನ್ ಕಾಯ್ದೆಯ ಮೇಲೆ ಹಳೆಯ ಟೀಕೆಯೊಂದಿದೆ. ಆ ಕಾಲದ ಎಷ್ಟೋ ಕಾರ್ಮಿಕ ಸಂಘಗಳು ಕಪ್ಪು ಜನರನ್ನು ಒಳಗೆ ಬಿಡುತ್ತಿರಲಿಲ್ಲ, ಹಾಗಾಗಿ ಕೂಲಿ ಏರಿದಾಗ ಆ ಕೆಲಸ ಅವರ ಕೈ ತಪ್ಪಿತು ಅಂತ. ಕೂಲಿ ಏರಿಸುವಾಗ ಆ ಕೂಲಿಯ ಕೆಲಸಕ್ಕೆ ಯಾರನ್ನು ತೆಗೆದುಕೊಳ್ಳುತ್ತಿದ್ದಾರೆ ಅನ್ನುವುದನ್ನೂ ಕಣ್ಣಿಟ್ಟು ನೋಡಬೇಕು.

ಏಜೆನ್ಸಿ ಬದಲಾದ ದಿನ ಏನಾಗುತ್ತದೆ ಅನ್ನುವುದಕ್ಕೆ ನಿಮ್ಮ ಟೆಂಡರ್‌ನಲ್ಲಿ ಒಂದು ಸಾಲೂ ಇರುವುದಿಲ್ಲ. ಅದೇ ಜನ, ಅದೇ ಪೊರಕೆ, ಅದೇ ಕಾರಿಡಾರು. ಆದರೆ ಕಾಗದದಲ್ಲಿ ಎಲ್ಲರೂ ಹೊಸಬರು. ಹಳೆಯ ಸೇವೆ ಹೋಯಿತು, ಹಳೆಯ ಏಜೆನ್ಸಿ ಕಡೇ ತಿಂಗಳ ಸಂಬಳ ಕೊಡದೆ ಹೋಯಿತು, ಹೊಸ ಏಜೆನ್ಸಿ ಮತ್ತೆ ಡಿಪಾಸಿಟ್ ಕೇಳಿತು. ಹಿಂದಿನ ಸಲ ದೂರು ಕೊಟ್ಟವರ ಹೆಸರು ಹೊಸ ಪಟ್ಟಿಯಲ್ಲಿ ಇರುವುದಿಲ್ಲ. ಬ್ರಿಟನ್ನಿನಲ್ಲಿ 2006ರ ನಿಯಮಗಳ ಪ್ರಕಾರ ಇಂಥ ಸೇವೆಗಳಲ್ಲಿ ಗುತ್ತಿಗೆದಾರ ಬದಲಾದರೂ ನೌಕರರು ಹಳೆಯ ಸೇವಾ ಷರತ್ತುಗಳ ಜೊತೆಗೇ ಹೊಸಬರ ಕೆಳಗೆ ಬರುತ್ತಾರೆ. ಅಮೆರಿಕದಲ್ಲಿ ಇದಕ್ಕೆ 2009ರಲ್ಲಿ ಅಧ್ಯಕ್ಷರ ಆದೇಶ ಬಂತು, 2019ರಲ್ಲಿ ಇನ್ನೊಬ್ಬ ಅಧ್ಯಕ್ಷರು ರದ್ದು ಮಾಡಿದರು. ಹಾಗಾಗಿ ಸುತ್ತೋಲೆ ಬೇಡ, ಕಾನೂನಿನಲ್ಲೇ ಬರೆಯಿರಿ. ಇನ್ನೂ ಮುಂದೆ ಹೋಗಿ ಕೇಳುತ್ತೇನೆ: ವರ್ಷವಿಡೀ, ಪ್ರತಿ ದಿನ ಬೇಕಾಗುವ ಕೆಲಸಕ್ಕೆ ಟೆಂಡರ್ ಯಾಕೆ ಬೇಕು? ನೇರ ನೇಮಕ ಯಾಕೆ ಆಗಬಾರದು? ಪ್ರತಿ ಸಲ ಟೆಂಡರ್ ಕರೆಯುವ ಮೊದಲು ಈ ಪ್ರಶ್ನೆಗೆ ಉತ್ತರ ಕಡತದಲ್ಲಿ ಬರೆಯುವ ನಿಯಮ ಮಾಡಿ.

ಹಣ ಎಲ್ಲಿಂದ ಬರಬೇಕು ಅಂತ ಕೇಳುತ್ತೀರಿ. ನ್ಯಾಯವಾದ ಪ್ರಶ್ನೆ. ನಾನು ಹೇಳಿದ ಹಾಗೆ ಮಾಡಿದರೆ ಗುತ್ತಿಗೆಯ ದರ ಏರುತ್ತದೆ, ಏರುವುದಿಲ್ಲ ಅಂತ ಸುಳ್ಳು ಹೇಳುವುದಿಲ್ಲ. ಆದರೆ ಕಾನೂನು ಹೇಳಿದ ಕೂಲಿ ಕೊಟ್ಟಿದ್ದರೆ ದರ ಅಷ್ಟೇ ಆಗಬೇಕಿತ್ತು. ಇಷ್ಟು ದಿನ ಉಳಿಸಿದ್ದು ಅಂತ ನೀವು ತೋರಿಸುತ್ತಿರುವುದು ಇನ್ನೊಬ್ಬರ ಕೈಯಿಂದ ಕಿತ್ತದ್ದು. ಇಪ್ಪತ್ತು ಜನರ ಬಿಲ್ ಕೊಟ್ಟು ಹದಿನೈದು ಜನರ ಕೆಲಸ ಪಡೆಯುವುದನ್ನೂ ಲೆಕ್ಕಕ್ಕೆ ಹಿಡಿಯಿರಿ. ಅಮೆರಿಕದ ಬಾಲ್ಟಿಮೋರ್ ನಗರ 1994ರಲ್ಲಿ ತನ್ನ ಗುತ್ತಿಗೆದಾರರಿಗೆ ಬದುಕಲು ಸಾಲುವಷ್ಟು ಕೂಲಿಯ ಷರತ್ತು ಹಾಕಿತು. ಆಮೇಲೆ ನೂರಕ್ಕೂ ಹೆಚ್ಚು ನಗರ, ಕೌಂಟಿಗಳು ಅದೇ ದಾರಿ ಹಿಡಿದವು.

ತಪಾಸಣೆಯನ್ನು ಹೇಗೆ ಮಾಡಬೇಕು ಅನ್ನುವುದರಲ್ಲಿ ನನ್ನ ಮಾತು ಕೇಳಿ, ಈ ವ್ಯವಹಾರವನ್ನು ಒಳಗಿನಿಂದ ನೋಡಿದವನು. ಬ್ಯಾಂಕ್ ಪಟ್ಟಿಯನ್ನು ನಂಬಿ ಕೂರಬೇಡಿ. ಏಜೆನ್ಸಿಗೆ ಮುಂಚಿತವಾಗಿ ಹೇಳದೆ ಕೆಲಸದ ಜಾಗಕ್ಕೆ ಹೋಗಿ. ಸೂಪರ್‌ವೈಸರನ್ನು ದೂರ ಕಳಿಸಿ ನಾಲ್ಕು ಜನರನ್ನು ಕೇಳಿ: ನಿಮ್ಮ ಎಟಿಎಂ ಕಾರ್ಡು ಎಲ್ಲಿದೆ? ಹೋದ ತಿಂಗಳು ಒಂದು ದಿನ ರಜೆ ಸಿಕ್ಕಿತಾ? ಈ ಬೂಟು ಯಾರ ದುಡ್ಡಿನದ್ದು? ಹತ್ತು ನಿಮಿಷದ ಕೆಲಸ. ಉತ್ತರ ಕೊಟ್ಟವರ ಹೆಸರು ಬರೆದುಕೊಳ್ಳಬೇಡಿ.

94ನೇ ಒಪ್ಪಂದದ ಎರಡನೇ ಮಾತು ಉಳಿದಿತ್ತು. ಕೆಲಸದ ಷರತ್ತುಗಳನ್ನು ಕೆಲಸದ ಜಾಗದಲ್ಲಿ ಎಲ್ಲರಿಗೂ ಕಾಣುವ ಕಡೆ ಸೂಚನಾ ಫಲಕದಲ್ಲಿ ಹಾಕಬೇಕು ಅನ್ನುವುದು ಅದು. ನನ್ನ ಕೊನೆಯ ಮನವಿಯೂ ಅದೇ, ಸ್ವಲ್ಪ ವಿವರವಾಗಿ. ಈ ಗುತ್ತಿಗೆಯ ಹೆಸರು, ಗುತ್ತಿಗೆದಾರರ ಹೆಸರು, ಟೆಂಡರ್‌ನಲ್ಲಿ ಒಪ್ಪಿಕೊಂಡ ಆಳಿನ ಸಂಖ್ಯೆ, ಒಬ್ಬೊಬ್ಬರಿಗೆ ಕೈಗೆ ಬರಬೇಕಾದ ಸಂಬಳ, ರಜೆ ಎಷ್ಟು, ಯಾವ ತಾರೀಕಿನೊಳಗೆ ಸಂಬಳ, ಬರದಿದ್ದರೆ ಕಚೇರಿಯಲ್ಲಿ ಯಾರಿಗೆ ಹೇಳಬೇಕು. ಇಷ್ಟನ್ನು ಅಲ್ಲಿನವರು ಓದುವ ಭಾಷೆಯಲ್ಲಿ, ದೊಡ್ಡ ಅಕ್ಷರದಲ್ಲಿ ಬರೆದು ಹಾಜರಿ ಹಾಕುವ ಜಾಗದ ಗೋಡೆಗೆ ಅಂಟಿಸಿ. ಓದಲು ಬಾರದವರಿಗೆ ಓದಿ ಹೇಳಲು ಒಬ್ಬರನ್ನು ಗೊತ್ತು ಮಾಡಿ. ಇದಕ್ಕೆ ಕಾನೂನು ತಿದ್ದುಪಡಿ ಬೇಡ, ಅನುದಾನ ಬೇಡ, ಸಮಿತಿ ಬೇಡ. ಈಗ ನಡೆಯುತ್ತಿರುವ ಗುತ್ತಿಗೆಗಳಲ್ಲೇ ನಾಳೆಯಿಂದ ಮಾಡಬಹುದು. ಮಾಡಲು ಆಗುವುದಿಲ್ಲ ಅನ್ನುವುದಾದರೆ, ಯಾಕೆ ಆಗುವುದಿಲ್ಲ ಅನ್ನುವುದನ್ನು ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ದರಪಟ್ಟಿ ಬರೆಯುತ್ತಿದ್ದವನು, ಈಗ ಪೇಸ್ಲಿಪ್ ಓದುವವನು